ಆನೆಗೆ ಕೆಲಸ ಹೋದಾಗ

2025ರ ಆಗಸ್ಟ್ ಮೊದಲ ವಾರದ ಮಾತು. ಆಫೀಸಿನ ಕೆಫೆಟೇರಿಯಾದಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ನಮ್ಮ ಟೀಮಿನಲ್ಲಿ ಕೊಲ್ಲಾಪುರದ ಕಡೆಯ ಹುಡುಗನೊಬ್ಬನಿದ್ದಾನೆ. ಅವನು ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲಿನ ಸಿಮ್ ತೆಗೆದು ಬೇರೊಂದು ಹಾಕುತ್ತಿದ್ದ. "ಏನೋ, ನೆಟ್‌ವರ್ಕ್ ಬರ್ತಿಲ್ವಾ?" ಅಂತ ಕೇಳಿದೆ. "ನೆಟ್‌ವರ್ಕ್ ಚೆನ್ನಾಗೇ ಇದೆ. ನಮ್ಮ ಆನೆಯನ್ನ ತಗೊಂಡು ಹೋದ್ರಲ್ಲ, ಅದಕ್ಕೆ" ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ಆಮೇಲೆ ತಿಳಿಯಿತು. ಕೊಲ್ಲಾಪುರ ಜಿಲ್ಲೆಯ ನಾಂದಣಿ ಎಂಬ ಊರಿನ ಜೈನ ಮಠದಲ್ಲಿ ಮಹಾದೇವಿ ಎಂಬ ಹೆಣ್ಣಾನೆ ಇತ್ತು. ಊರವರು ಮುದ್ದಿಗೆ ಮಾಧುರಿ ಅಂತಲೂ ಕರೆಯುತ್ತಿದ್ದರಂತೆ. ಮೂವತ್ತಕ್ಕೂ ಹೆಚ್ಚು ವರ್ಷ ಆ ಮಠದಲ್ಲೇ ಇದ್ದ ಆನೆ. ಅದರ ಕಾಲು ಕೆಟ್ಟಿದೆ, ಕೀಲು ನೋವಿದೆ, ಒಂಟಿಯಾಗಿ ಗಟ್ಟಿ ನೆಲದ ಮೇಲೆ ನಿಂತು ನಿಂತು ಸೋತಿದೆ ಎಂಬ ದೂರು ಬಾಂಬೆ ಹೈಕೋರ್ಟಿಗೆ ಹೋಗಿ, 2025ರ ಜುಲೈನಲ್ಲಿ ಅದನ್ನು ಗುಜರಾತಿನ ಜಾಮ್‌ನಗರದ ವನತಾರಾಕ್ಕೆ ಕಳಿಸಬೇಕೆಂದು ಆದೇಶವಾಯಿತು. ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಲಾರಿ ಹತ್ತಿಸುವಾಗ ಊರಿಗೆ ಊರೇ ಅತ್ತಿತು. ಸಾವಿರಾರು ಜನ ಕೊಲ್ಲಾಪುರದವರೆಗೆ ನಡೆದುಕೊಂಡು ಹೋಗಿ ಪ್ರತಿಭಟಿಸಿದರು. ವನತಾರಾ ನಡೆಸುವವರದ್ದೇ ಸಿಮ್ ಕಂಪನಿಯೂ ಆದ್ದರಿಂದ ಜನ ಸಿಮ್ ಬದಲಾಯಿಸತೊಡಗಿದರು.

"ನೀನು ಯಾವ ಕಡೆ?" ಅಂತ ಅವನು ನೇರವಾಗಿ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕಾಲು ಕೆಟ್ಟ ಆನೆಯನ್ನು ಮೆರವಣಿಗೆಯಲ್ಲಿ ನಡೆಸುವುದು ತಪ್ಪು ಅನ್ನುವುದು ಗೊತ್ತು. ಹಾಗೆಂದು ಅತ್ತ ಆ ಜನರ ಕಣ್ಣೀರು ಸುಳ್ಳು ಅಂತ ಹೇಳುವುದಕ್ಕೂ ನಾಲಿಗೆ ಬರಲಿಲ್ಲ. ಅದೂ ಅಲ್ಲದೆ ಆ ಸುದ್ದಿಯಲ್ಲಿ ಇನ್ನೊಂದು ಸಾಲಿತ್ತು. ಮಹಾದೇವಿ ಚಿಕ್ಕ ಮರಿಯಾಗಿದ್ದಾಗ, 1992ರಲ್ಲಿ, ಆ ಮಠಕ್ಕೆ ಬಂದದ್ದು ನಮ್ಮ ಕರ್ನಾಟಕದಿಂದ!

ಅವತ್ತಿನಿಂದ ತಲೆಯಲ್ಲಿ ಆನೆ ಹೊಕ್ಕಿದೆ. ಕೆಲಸ ಮುಗಿಸಿ ರೂಮಿಗೆ ಬಂದಮೇಲೆ ಓದಿದ್ದು, ತಾತನಿಂದ ಕೇಳಿದ್ದು, ಸ್ವಲ್ಪ ನನ್ನ ಲೆಕ್ಕಾಚಾರ... ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ಆನೆಯ ವಿಷಯ ಅಲ್ಲವೇ, ಸಹಿಸಿಕೊಳ್ಳಿ.

*

ನಮ್ಮದು ತಿಪಟೂರು. ನಾನು ಆರೇಳು ವರ್ಷದವನಿದ್ದಾಗ, ಅಂದರೆ 2004ರ ಸುಮಾರಿಗೆ, ನಮ್ಮ ಬೀದಿಗೆ ಆನೆ ಬರುತ್ತಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ. ಮೊದಲು ದೂರದಲ್ಲಿ ಗಂಟೆಯ ಸದ್ದು. ಆಟ ಬಿಟ್ಟು ನಾವೆಲ್ಲ ಓಡುತ್ತಿದ್ದೆವು. ಹಣೆಗೆ ನಾಮ, ಕಿವಿಗೆ ಬಣ್ಣದ ಹೂವಿನ ಚಿತ್ರ, ಬೆನ್ನ ಮೇಲೆ ಮಾಸಿದ ಕೆಂಪು ಜಮಖಾನ. ಮೇಲೊಬ್ಬ ಮಾವುತ, ಕೆಳಗೆ ಜೋಳಿಗೆ ಹಿಡಿದ ಇಬ್ಬರು. ಅಜ್ಜಿ ಮೊರದಲ್ಲಿ ಅಕ್ಕಿ, ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದರು. ತಿಪಟೂರಿನಲ್ಲಿ ತೆಂಗಿನಕಾಯಿಗೇನು ಬರ?

ನನ್ನ ಕೈಗೆ ಎರಡು ರೂಪಾಯಿಯ ನಾಣ್ಯ. ಅದನ್ನು ಸೊಂಡಿಲ ತುದಿಗೆ ಇಡಬೇಕು. ಇಟ್ಟಾಗ ಬಿಸಿಯಾದ ಒದ್ದೆ ಉಸಿರು ಅಂಗೈಗೆ ತಾಗುತ್ತಿತ್ತು. ಸೊಂಡಿಲು ಮೇಲೆ ಹೋಗಿ ನಾಣ್ಯ ಮಾವುತನ ಕೈ ಸೇರುತ್ತಿತ್ತು, ಮತ್ತೆ ಇಳಿದು ನನ್ನ ತಲೆ ಮುಟ್ಟುತ್ತಿತ್ತು. ಹೆದರಿಕೆ ಹೋಗಲಿ ಅಂತ ನನ್ನನ್ನು ಆನೆಯ ಹೊಟ್ಟೆಯ ಕೆಳಗೆ ಈ ಕಡೆಯಿಂದ ಆ ಕಡೆಗೆ ದಾಟಿಸಿದ್ದರು. ಹೆದರಿಕೆ ಹೋಯಿತೋ ಇಲ್ಲವೋ ನೆನಪಿಲ್ಲ. ಆದರೆ ಮುಂಗಾಲಿಗೆ ಸುತ್ತಿದ್ದ ಸರಪಳಿ, ಅದರ ಕೆಳಗೆ ಕೂದಲು ಉದುರಿ ನುಣ್ಣಗಾಗಿದ್ದ ಚರ್ಮ, ಇಷ್ಟು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಆನೆ ಎಲ್ಲಿಂದ ಬಂತು, ಇವತ್ತು ರಾತ್ರಿ ಎಲ್ಲಿ ಮಲಗುತ್ತದೆ ಅಂತ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೋಡಿಲ್ಲ. ಬಾಗಿಲಿಗೆ ಗಣಪತಿ ಬಂದಾಗ ವಿಳಾಸ ಕೇಳುತ್ತಾರೆಯೇ?

*

ಓದಲು ಶುರು ಮಾಡಿದಾಗ ಮೊದಲು ತಲೆಗೆ ಹೊಡೆದ ವಿಷಯ ಇದು. ಹಸು, ನಾಯಿ, ಕುದುರೆಗಳ ಹಾಗೆ ಆನೆ ಸಾಕುಪ್ರಾಣಿಯಲ್ಲ. ಹಸುವನ್ನು ನೂರಾರು ತಲೆಮಾರು ಮನೆಯಲ್ಲೇ ಹುಟ್ಟಿಸಿ, ಬೇಕಾದ ಗುಣ ಆರಿಸಿ ಸಾಕಿ ಸಾಕಿ ಹಸುವಾಗಿಸಿದ್ದೇವೆ. ಆನೆಗೆ ಹಾಗೆ ಮಾಡಿಲ್ಲ. ಗರ್ಭವೇ ಇಪ್ಪತ್ತೆರಡು ತಿಂಗಳು. ಹುಟ್ಟಿದ ಮರಿ ದುಡಿಯುವಷ್ಟು ಬೆಳೆಯಲು ಹತ್ತು ಹದಿನೈದು ವರ್ಷ. ಅಲ್ಲಿಯವರೆಗೆ ತಾಯಿಗೂ ಮರಿಗೂ ಮೇವು ಹಾಕುವುದಕ್ಕಿಂತ ಕಾಡಿನಿಂದ ದೊಡ್ಡ ಆನೆಯನ್ನೇ ಹಿಡಿದು ತರುವುದು ಅಗ್ಗ. ಹಾಗಾಗಿ ನಾಡಿನಲ್ಲಿ ನಾವು ನೋಡುವ ಬಹುಪಾಲು ಆನೆಗಳು ಒಂದೋ ತಾವೇ ಹಿಡಿಸಿಕೊಂಡವು, ಇಲ್ಲವೇ ಹಿಡಿಸಿಕೊಂಡ ತಾಯಿಯ ಮಕ್ಕಳು. ಸಾಕಿದ ಆನೆ ಅನ್ನುವುದಕ್ಕಿಂತ ಪಳಗಿಸಿದ ಕಾಡಾನೆ ಅನ್ನುವುದೇ ಸರಿ.

ಹಿಡಿಯುವ ಖರ್ಚು, ಶ್ರಮ ಇಷ್ಟಿದ್ದ ಮೇಲೆ ಯಾರಾದರೂ ಸುಮ್ಮನೆ ಹಿಡಿಯುತ್ತಾರೆಯೇ? ಆನೆಗೆ ಯಾವಾಗಲೂ ಒಂದು ಕೆಲಸವಿತ್ತು. ಆನೆಯ ಇತಿಹಾಸ ಅಂದರೆ ಅದರ ಕೆಲಸಗಳ ಇತಿಹಾಸ.

ಮೊದಲ ಕೆಲಸ ಯುದ್ಧ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಗಳಿಗೆಂದೇ ಮೀಸಲು ಕಾಡು, ಅದನ್ನು ನೋಡಿಕೊಳ್ಳುವ ಅಧಿಕಾರಿ, ಆನೆ ಕೊಂದವನಿಗೆ ಮರಣದಂಡನೆ ಎಲ್ಲ ಇದೆ. ಓದಿ ಖುಷಿಪಡುವ ಮೊದಲು ಕಾರಣವನ್ನೂ ಓದಬೇಕು: ರಾಜನ ಗೆಲುವು ಆನೆಯ ಮೇಲೆ ನಿಂತಿದೆ ಅಂತ. ಅದು ಸೈನ್ಯದ ಸಾಮಾನಿನ ರಕ್ಷಣೆ. ನಮ್ಮ ಕಡೆಯೂ ಕಡಿಮೆಯೇನಿಲ್ಲ. ತಲಕಾಡಿನ ಗಂಗರ ಲಾಂಛನವೇ ಆನೆ. ಗಂಗರ ದೊರೆ ಇಮ್ಮಡಿ ಶಿವಮಾರ ಕನ್ನಡದಲ್ಲಿ 'ಗಜಾಷ್ಟಕ' ಬರೆದಿದ್ದನಂತೆ. ಅದನ್ನು ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುತ್ತಿದ್ದರೆಂದು ಶಾಸನ ಹೇಳುತ್ತದೆ, ಕೃತಿ ಮಾತ್ರ ನಮಗೆ ಸಿಕ್ಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಆನೆ ಹಿಡಿಯುವ ಬಗೆಗಳನ್ನು, ಪಳಗಿಸುವ ರೀತಿಯನ್ನು ವಿವರವಾಗಿ ಬರೆದ.

ಫಿರಂಗಿ ಬಂದಮೇಲೆ ಈ ಕೆಲಸ ಹೋಯಿತು. ಗುಂಡಿನ ಸದ್ದಿಗೆ ಬೆದರಿ ಹಿಂದಿರುಗಿ ಓಡಿದ ಆನೆ ತನ್ನ ಸೈನ್ಯವನ್ನೇ ತುಳಿಯುತ್ತದೆ. ಮುಂದೆ ನಿಂತು ಹೋರಾಡುತ್ತಿದ್ದ ಆನೆ ಹಿಂದೆ ಬಂದು ಫಿರಂಗಿ ಎಳೆಯತೊಡಗಿತು, ಡೇರೆ ಹೊತ್ತಿತು, ಮರದ ದಿಮ್ಮಿ ಎಳೆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರಾಜೆಕ್ಟ್ ಮುಚ್ಚಿತು, ಆನೆಯನ್ನು ಇನ್ನೊಂದು ಪ್ರಾಜೆಕ್ಟಿಗೆ ಹಾಕಿದರು.

*

ಈ ಎರಡನೆಯ ಕೆಲಸಕ್ಕಾಗಿ ನಮ್ಮ ಮೈಸೂರು ಸೀಮೆಯಲ್ಲಿ ನಡೆದದ್ದೇ ಖೆಡ್ಡಾ.

ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್ ಅಂತ ಒಬ್ಬ ಇಂಗ್ಲಿಷಿನವ. ಮೈಸೂರು ಸಂಸ್ಥಾನದಲ್ಲಿ ಅವನ ಕೆಲಸ ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳುವುದು. ಒಂದು ಲೆಕ್ಕಕ್ಕೆ ನಮ್ಮವನೇ! ಆನೆ ಹಿಡಿಯುವ ಅನುಭವ ಏನೂ ಇಲ್ಲದೆಯೇ, ತಾನು ಹಿಡಿಯಬಲ್ಲೆ ಎಂದು ಸರ್ಕಾರವನ್ನು ಒಪ್ಪಿಸಿದ. ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದನಂತೆ. ಇನ್ನು ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರು, ಪ್ರಯತ್ನಿಸಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಿನಲ್ಲಿ ಕೊರೆಸಿ ಹೋಗಿದ್ದ ಎಂದು ಸ್ಯಾಂಡರ್‌ಸನ್ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. 1874ರಲ್ಲಿ ಚಾಮರಾಜನಗರದ ಹತ್ತಿರ ಸ್ಯಾಂಡರ್‌ಸನ್ ಗೆದ್ದ. ಒಂದೇ ಏಟಿಗೆ ಐವತ್ತಕ್ಕೂ ಹೆಚ್ಚು ಆನೆಗಳು ಕಂದಕದ ಒಳಗೆ ಬಿದ್ದವು.

ವಿಧಾನ ಸರಳ. ಸುತ್ತಲಿನ ಹಳ್ಳಿಗಳ ನೂರಾರು ಜನ ತಮಟೆ, ಬೆಂಕಿ, ಬೊಬ್ಬೆಗಳಿಂದ ಹಿಂಡನ್ನು ಅಟ್ಟಿಕೊಂಡು ಬರುತ್ತಾರೆ. ದಿಮ್ಮಿಗಳಿಂದ ಕಟ್ಟಿದ ದೊಡ್ಡಿಯ ಬಾಗಿಲು ಬೀಳುತ್ತದೆ. ಆಮೇಲೆ ಪಳಗಿದ ಕುಮ್ಕಿ ಆನೆಗಳು ಒಳಗೆ ಹೋಗಿ ಒಂದೊಂದನ್ನೇ ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಮಾವುತರು ಕೆಳಗಿಳಿದು ಹಿಂಗಾಲಿಗೆ ಹಗ್ಗ ಬಿಗಿಯುತ್ತಾರೆ. ನಂತರದ ದಿನಗಳಲ್ಲಿ ಹಸಿವು, ಹಗ್ಗ, ಅಂಕುಶ, ಮಧ್ಯೆ ಮಧ್ಯೆ ಕಬ್ಬು ಬೆಲ್ಲ, ಜೋಗುಳದಂಥ ಹಾಡು. ಆನೆ ಸೋತು 'ಕೂರು' ಅಂದಾಗ ಕೂರುವವರೆಗೆ. ಹಗ್ಗದ ಗಾಯದಿಂದ, ಕೊರಗಿನಿಂದ ಎಷ್ಟೋ ಆನೆಗಳು ಪಳಗುವ ಮೊದಲೇ ಸಾಯುತ್ತಿದ್ದವು.

ಮುಂದೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ಆನೆಗಳನ್ನು ಕಬಿನಿ ಹೊಳೆ ದಾಟಿಸಿ ದೊಡ್ಡಿಗೆ ಅಟ್ಟುವ ದೃಶ್ಯ ನೋಡಲು ವೈಸ್‌ರಾಯ್‌ಗಳು, ರಾಜಕುಮಾರರು ಬರುತ್ತಿದ್ದರು. 1937ರಲ್ಲಿ ಬಂದ 'ಎಲಿಫೆಂಟ್ ಬಾಯ್' ಸಿನಿಮಾದ ಹುಡುಗ ಸಾಬು ನಮ್ಮ ಮೈಸೂರಿನ ಮಾವುತನ ಮಗ. ಹಿಡಿಯುವುದು ಬರುಬರುತ್ತಾ ಕೆಲಸಕ್ಕಿಂತ ಹೆಚ್ಚಾಗಿ ತಮಾಷೆಯಾಯಿತು. ಹಿಡಿದ ಆನೆಗಳನ್ನು ಹರಾಜಿನಲ್ಲಿ ಮಾರುತ್ತಿದ್ದರು. ಕೊಂಡವರು ಕೊಂಡು ಎತ್ತೆತ್ತಲೋ ಕರೆದೊಯ್ಯುತ್ತಿದ್ದರು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದನ್ನು ನಮ್ಮ ತಾತ ನೋಡಿದ್ದರು.

ಅಮ್ಮನ ತವರು ಹೆಗ್ಗಡದೇವನಕೋಟೆ ಕಡೆ. ತಾತ ಅಲ್ಲಿ ಮೇಷ್ಟರಾಗಿದ್ದವರು. ಲಾರಿ ಹತ್ತಿಕೊಂಡು ಹೋಗಿ ಬಿದಿರಿನ ಅಟ್ಟಣಿಗೆಯ ಮೇಲೆ ಕೂತು ನೋಡಿದ್ದನ್ನು ಬೇಸಿಗೆ ರಜೆಯಲ್ಲಿ ನಮಗೆಲ್ಲ ಹೇಳುತ್ತಿದ್ದರು. ತಮಟೆಯ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದರು. ಹೊಳೆ ದಾಟುವಾಗ ದೊಡ್ಡ ಆನೆಗಳು ಮರಿಗಳನ್ನು ನಡುವೆ ಹಾಕಿಕೊಂಡು, ಸೊಂಡಿಲಿನಿಂದ ಅವುಗಳ ತಲೆ ನೀರಿನ ಮೇಲಕ್ಕೆ ಎತ್ತಿ ಹಿಡಿದಿದ್ದವಂತೆ. ನಾವು ಕಣ್ಣರಳಿಸಿ ಕೇಳುತ್ತಿದ್ದೆವು. ಕಥೆಯ ಕೊನೆಗೆ ಮಾತ್ರ ತಾತನ ದನಿ ತಗ್ಗುತ್ತಿತ್ತು. "ಮಾರನೇ ದಿನ ಒಂದು ಮರೀನ ಬೇರೆ ಕಟ್ಟಿದ್ರು ಕಣೋ. ರಾತ್ರಿಯೆಲ್ಲಾ ತಾಯಿ ಕೂಗೋದು, ಅದು ಓಗೊಡೋದು. ನಾವು ಬಿಡಾರದಲ್ಲಿ ಮಲಗಿದ್ದೋರು ಯಾರೂ ನಿದ್ದೆ ಮಾಡ್ಲಿಲ್ಲ. ಬೆಳಗ್ಗೆ ಎದ್ದು ಮತ್ತೆ ನೋಡೋಕೆ ಹೋದ್ವಿ ಅನ್ನು."

ಆ 'ಅನ್ನು' ಎಂಬ ಮಾತಿನಲ್ಲಿ ಏನಿತ್ತು ಅಂತ ಆಗ ನನಗೆ ತಿಳಿಯುತ್ತಿರಲಿಲ್ಲ.

*

ಇಲ್ಲಿ ಸ್ವಲ್ಪ ಲೆಕ್ಕ. ಆನೆ ಅರವತ್ತು ಎಪ್ಪತ್ತು ವರ್ಷದವರೆಗೆ ಬದುಕಬಲ್ಲ ಪ್ರಾಣಿ. 1971ರಲ್ಲಿ ಹಿಡಿದ ಮರಿಗೆ ಆಗ ಎರಡು ವರ್ಷ ಅಂದುಕೊಳ್ಳಿ. 2004ರಲ್ಲಿ ಅದಕ್ಕೆ ಮೂವತ್ತೈದು. ಅಂದರೆ ನಮ್ಮ ಬೀದಿಗೆ ಬಂದ ಆನೆಯ ವಯಸ್ಸಿನದ್ದೇ! ಅದೇ ಇದು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಯಾವ ಆಧಾರವೂ ಇಲ್ಲ. ಆದರೆ ಹಾಗಿರುವುದು ಅಸಾಧ್ಯವಲ್ಲ. ತಾತ ಅಟ್ಟಣಿಗೆಯ ಮೇಲೆ ಕೂತು ನೋಡಿದ್ದು, ಮೊಮ್ಮಗ ಬಾಗಿಲಲ್ಲಿ ನಾಣ್ಯ ಕೊಟ್ಟಿದ್ದು, ಎರಡೂ ಒಂದೇ ಆನೆಯ ಆಯುಸ್ಸಿನೊಳಗೆ ಹಿಡಿಯುತ್ತವೆ.

ನನ್ನ ಪ್ರಕಾರ ಎಲ್ಲದರ ಮೂಲ ಇಲ್ಲೇ ಇದೆ. ನಾವು ಆನೆಗೆ ಕೊಟ್ಟ ಕೆಲಸಗಳು ಬೇಗ ಮುಗಿದುಹೋಗುತ್ತವೆ, ಆನೆ ಮುಗಿಯುವುದಿಲ್ಲ. ಹಳೆಯ ಲಾರಿಯನ್ನು ಗುಜರಿಗೆ ಹಾಕಬಹುದು. ಕೆಲಸ ಹೋದ ಆನೆ ಮಾರನೇ ದಿನವೂ 150ರಿಂದ 200 ಕಿಲೋ ಮೇವು ಕೇಳುತ್ತದೆ.

ದಿಮ್ಮಿ ಎಳೆಯುವ ಕೆಲಸವನ್ನು ಲಾರಿ, ಟ್ರ್ಯಾಕ್ಟರು, ಕ್ರೇನುಗಳು ಕಿತ್ತುಕೊಂಡವು. ಉಳಿದದ್ದನ್ನು ಕಾನೂನು ನಿಲ್ಲಿಸಿತು. ಥಾಯ್ಲೆಂಡಿನಲ್ಲಿ ಪ್ರವಾಹದ ಅನಾಹುತಗಳ ಬಳಿಕ 1989ರಲ್ಲಿ ಮರ ಕಡಿಯುವುದನ್ನೇ ನಿಷೇಧಿಸಿದರು. ಕಾಡಿಗೆ ಒಳ್ಳೆಯದೇ ಆಯಿತು. ಆದರೆ ಅಲ್ಲಿಯವರೆಗೆ ದಿಮ್ಮಿ ಎಳೆಯುತ್ತಿದ್ದ ಆನೆಗಳು ಮಾವುತರ ಜೊತೆ ಬ್ಯಾಂಕಾಕಿನ ರಸ್ತೆಗೆ ಬಂದವು. ರಾತ್ರಿ ಹೊತ್ತು ಹೋಟೆಲುಗಳ ಮುಂದೆ ನಿಂತು ಪ್ರವಾಸಿಗರಿಂದ ಬಾಳೆಹಣ್ಣು ಬೇಡುವ ಆನೆ, ಬಾಲಕ್ಕೆ ಕಟ್ಟಿದ ಮಿಣುಕು ದೀಪ. ಇದನ್ನು ತಡೆಯಲು ಆ ನಗರಕ್ಕೆ ಎರಡು ದಶಕ ಹಿಡಿಯಿತು.

ನಮ್ಮಲ್ಲೂ ಹಾಗೇ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಈಶಾನ್ಯ ರಾಜ್ಯಗಳಲ್ಲಿ ಮರ ಕಡಿಯುವುದು ಹೆಚ್ಚುಕಡಿಮೆ ನಿಂತಿತು. ಅಸ್ಸಾಂ, ಅರುಣಾಚಲದ ಆನೆಗಳು ಒಮ್ಮೆಲೇ ನಿರುದ್ಯೋಗಿಗಳಾದವು. ಅನೇಕವು ಬಿಹಾರದ ಸೋನಪುರ ಜಾತ್ರೆಯ ದಾರಿ ಹಿಡಿದು ಕೇರಳದ ಉತ್ಸವಗಳಿಗೆ, ರಾಜಸ್ಥಾನದ ಕೋಟೆಗಳಿಗೆ, ಉತ್ತರದ ನಗರಗಳ ಮದುವೆ ಮೆರವಣಿಗೆಗಳಿಗೆ ಸೇರಿದವು. ತೀರ್ಪು ಕಾಡಿನ ಬಗ್ಗೆ ಯೋಚಿಸಿತ್ತು. ಕಾಡಿನಿಂದ ಹಿಂದೆಯೇ ಹೊರಗೆ ತಂದಿದ್ದ ಆನೆಯ ಗತಿಯೇನು ಅಂತ ಯೋಚಿಸುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಕಾನೂನು ಏನು ಮಾಡಿತು ಅಂತ ನೀವು ಕೇಳಬಹುದು. ಮಾಡಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1977ರಲ್ಲಿ ಆನೆ ಅದರ ಮೊದಲನೇ ಅನುಸೂಚಿಗೆ. ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. 2003ರ ತಿದ್ದುಪಡಿ ಬಂದಮೇಲೆ ಇಟ್ಟುಕೊಂಡ ಆನೆಯನ್ನು ದುಡ್ಡಿಗೆ ಮಾರುವಂತಿಲ್ಲ. ಆದರೆ ಹುಲಿಯನ್ನು ಮನೆಯಲ್ಲಿ ಕಟ್ಟಿಕೊಳ್ಳುವಂತಿಲ್ಲ, ಆನೆಯನ್ನು ಪ್ರಮಾಣಪತ್ರ ಇದ್ದರೆ ಕಟ್ಟಿಕೊಳ್ಳಬಹುದು! ಮಾರಾಟ ನಿಂತಿತು, 'ದಾನ' ಶುರುವಾಯಿತು. 2022ರ ತಿದ್ದುಪಡಿಯಲ್ಲಿ ಧಾರ್ಮಿಕ ಅಥವಾ 'ಬೇರೆ ಯಾವುದೇ' ಉದ್ದೇಶಕ್ಕೆ ಆನೆಯನ್ನು ಸಾಗಿಸಲು, ಹಸ್ತಾಂತರಿಸಲು ಮತ್ತೆ ದಾರಿ ಬಿಟ್ಟರು. ನಮ್ಮ ಕೋಡಿನಲ್ಲಿ ಯಾರಾದರೂ ಇಂಥ 'ಬೇರೆ ಯಾವುದೇ' ಎಂಬ ಷರತ್ತು ಹಾಕಿದ್ದರೆ ರಿವ್ಯೂನಲ್ಲಿ ವಾಪಸ್ ಕಳಿಸುತ್ತಿದ್ದೆವು.

2019ರ ಆರಂಭದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ ಹೀಗೆ ಬಂಧನದಲ್ಲಿದ್ದ ಆನೆಗಳು 2,454. ಅರ್ಧಕ್ಕಿಂತ ಹೆಚ್ಚು ಅಸ್ಸಾಂ ಮತ್ತು ಕೇರಳ ಎರಡರಲ್ಲೇ.

*

ಆನೆಯ ಜೊತೆಗೇ ನನಗೆ ಕರಡಿ ನೆನಪಾಗುತ್ತದೆ. ಮೂಗುದಾರ ಹಾಕಿದ ಕರಡಿಯನ್ನು ಕುಣಿಸುತ್ತಾ ಬರುವವರನ್ನು ಅಮ್ಮನ ತಲೆಮಾರಿನವರು ಧಾರಾಳವಾಗಿ ನೋಡಿದ್ದಾರೆ. ನಿಮ್ಮ ಬೀದಿಯಲ್ಲಿ ಈಗ ಕರಡಿ ಬರುತ್ತದೆಯೇ? ಇಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಅಧಿಸೂಚನೆ ಹೊರಡಿಸಿತು. ಬರೀ ಕಾನೂನು ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಕರಡಿಯನ್ನೇ ನಂಬಿದ್ದ ಕಲಂದರ್ ಜನರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಟ್ಟು, ಅವರ ಮಕ್ಕಳನ್ನು ಶಾಲೆಗೆ ಸೇರಿಸಿ, ಸ್ವಯಂಸೇವಾ ಸಂಸ್ಥೆಗಳು ಅರಣ್ಯ ಇಲಾಖೆಗಳ ಜೊತೆ ಸೇರಿ ಒಂದೊಂದೇ ಕರಡಿಯನ್ನು ಬಿಡಿಸಿದವು. 2009ರ ಕೊನೆಗೆ ಅಂಥ ಕೊನೆಯ ಕರಡಿ ಬಂದು ಸೇರಿದ್ದು ನಮ್ಮ ಬನ್ನೇರುಘಟ್ಟಕ್ಕೆ. ನೂರಾರು ವರ್ಷಗಳ ಒಂದು ಪದ್ಧತಿ ಹತ್ತು ಹನ್ನೆರಡು ವರ್ಷದಲ್ಲಿ ಮುಗಿಯಿತು.

ಆ 1998ರ ಪಟ್ಟಿಯಲ್ಲಿ ಆನೆ ಇಲ್ಲ.

ಯಾಕಿಲ್ಲ? ಬಹಳ ದಿನ ಯೋಚಿಸಿದೆ. ಕರಡಿಗೆ ಯಾರೂ ಆರತಿ ಎತ್ತುವುದಿಲ್ಲ. ಕರಡಿಯ ಮೇಲೆ ದೇವರನ್ನು ಕೂರಿಸಿ ಮೆರೆಸುವುದಿಲ್ಲ. ಹಾಗಾಗಿ ಅದರ ಮೂಗುದಾರ ನಮಗೆ ಬೇಗ ಕಂಡಿತು. ಆನೆಯ ಮೇಲೆ ನಮಗಿರುವ ಭಕ್ತಿ ಅದರ ಸರಪಳಿಯನ್ನು ಮುಚ್ಚಿಬಿಟ್ಟಿದೆ. ಯುದ್ಧ ಹೋಯಿತು, ಫಿರಂಗಿ ಹೋಯಿತು, ದಿಮ್ಮಿ ಹೋಯಿತು. ಕೊನೆಗೆ ಉಳಿದ ಕೆಲಸ ಒಂದೇ, ನಮ್ಮ ಭಕ್ತಿ. ಆ ಕೆಲಸ ಕೊಡುತ್ತಿರುವವರು ಯಾವ ರಾಜನೂ ಅಲ್ಲ, ನಾವೇ. ಮೊರ ಹಿಡಿದು ಬಾಗಿಲಿಗೆ ಬಂದ ನಮ್ಮ ಅಜ್ಜಿಯಂಥವರು. ನಾಣ್ಯ ಹಿಡಿದ ನಾನು.

*

ಸರಿ, ಬೀದಿಯಲ್ಲಿ ಆನೆಗೆ ಏನಾಗುತ್ತದೆ?

ಆನೆಯ ಪಾದದ ಅಡಿ ಮೆತ್ತನೆಯದು, ಕಾಡಿನ ಮಣ್ಣಿಗೆ ಆದದ್ದು. ಡಾಂಬರಿನ ಮೇಲೆ ಅದು ಸವೆಯುತ್ತದೆ, ಬಿರುಕು ಬಿಡುತ್ತದೆ, ಉಗುರಿನ ಸಂದಿಯಲ್ಲಿ ಕೀವು ಕಟ್ಟುತ್ತದೆ. ನಾಲ್ಕು ಟನ್ ಭಾರ ಹೊರುವ ಕಾಲು ಒಮ್ಮೆ ಕೆಟ್ಟರೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದಕ್ಕೂ ಆಗುವುದಿಲ್ಲ. ಮೈಯಲ್ಲಿ ನಮ್ಮ ಹಾಗೆ ಬೆವರುವುದಿಲ್ಲ, ಕಿವಿ ಬೀಸಿ, ನೀರು ಕೆಸರು ಎರಚಿಕೊಂಡು ತಣ್ಣಗಾಗಬೇಕು. ಪೇಟೆಯಲ್ಲಿ ಕೆಸರೆಲ್ಲಿ? ಇನ್ನು ಕಿವಿ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಆನೆಗಳು ನಮಗೆ ಕೇಳಿಸದಷ್ಟು ತಗ್ಗಿನ ದನಿಯಲ್ಲಿ ಮಾತಾಡಿಕೊಳ್ಳುತ್ತವೆ ಅನ್ನುವುದನ್ನು ಗುರುತಿಸಿದರು. ಕೆಲವು ಕಿಲೋಮೀಟರ್ ದೂರದ ಬಳಗದ ಜೊತೆ ಮಾತಾಡಬಲ್ಲ ಕಿವಿಯನ್ನು ತಂದು ನಾವು ಬಸ್ಸಿನ ಹಾರನ್ನಿನ ಪಕ್ಕ ನಿಲ್ಲಿಸುತ್ತೇವೆ. ಜನರ ನಡುವೆಯೇ ಇದ್ದು ಇದ್ದು ನಮ್ಮಿಂದ ಕ್ಷಯ ರೋಗವನ್ನೂ ಅಂಟಿಸಿಕೊಳ್ಳುತ್ತವೆ.

ಮುಂಬಯಿಯಲ್ಲಿ ಬಿಜಲಿ ಎಂಬ ಹೆಣ್ಣಾನೆ ಇತ್ತು. ಮದುವೆ ಮೆರವಣಿಗೆ, ಬೀದಿ ಭಿಕ್ಷೆಯಲ್ಲೇ ಆಯುಸ್ಸು ಕಳೆದದ್ದು. 2013ರ ಜೂನ್‌ನಲ್ಲಿ ಮುಲುಂಡ್‌ನಲ್ಲಿ ಕುಸಿದು ಬಿತ್ತು. ಜನ ಓಡಿ ಬಂದು ಆರೈಕೆ ಮಾಡಿದರು, ಆದರೆ ಉಳಿಯಲಿಲ್ಲ. ಪುದುಚೇರಿಯ ಮಣಕುಳ ವಿನಾಯಕ ದೇವಸ್ಥಾನದ ಲಕ್ಷ್ಮಿ 2022ರ ನವೆಂಬರ್ 30ರ ಬೆಳಗ್ಗೆ ವಾಕಿಂಗ್ ಹೋದಾಗ ರಸ್ತೆಯಲ್ಲೇ ಬಿದ್ದು ಸತ್ತಳು. ಊರಿಗೆ ಊರೇ ಸೇರಿ ಅತ್ತಿತು. ಕೊಲ್ಲಾಪುರದ ಜ್ಯೋತಿಬಾ ದೇವಸ್ಥಾನಕ್ಕೆ ದಾನವಾಗಿ ಬಂದಿದ್ದ ಸುಂದರ್ ಎಂಬ ಗಂಡಾನೆಯ ಕಥೆ ಮಾತ್ರ ಬೇರೆ ಥರ ಮುಗಿಯಿತು. ಮೈತುಂಬ ಗಾಯವಾಗಿದ್ದ ಅದನ್ನು ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯದ ನಂತರ 2014ರ ಜೂನ್‌ನಲ್ಲಿ ಬನ್ನೇರುಘಟ್ಟಕ್ಕೆ ತಂದರು. ಅಲ್ಲಿ ಅದು ಬೇರೆ ಆನೆಗಳ ಜೊತೆ ಕೆರೆಗಿಳಿಯಿತು.

ನಮ್ಮ ದಸರಾದ ಮಾತೂ ಆಡಲೇಬೇಕು, ಇಲ್ಲದಿದ್ದರೆ ಅಪ್ರಾಮಾಣಿಕನಾದೇನು. ಜಂಬೂಸವಾರಿ ನೋಡಿ ನಾನೂ ಮೈಮರೆತವನೇ. 750 ಕಿಲೋ ತೂಕದ ಅಂಬಾರಿ ಹೊತ್ತ ಅರ್ಜುನನನ್ನು ಕಂಡು ಕೈ ಮುಗಿದಿದ್ದೇನೆ. ದಸರಾ ಆನೆಗಳು ಬೀದಿ ಆನೆಗಳಲ್ಲ ನಿಜ. ವರ್ಷದ ಬಹುಭಾಗ ಕಾಡಂಚಿನ ಶಿಬಿರದಲ್ಲಿ ಇರುತ್ತವೆ, ಮೇಯುತ್ತವೆ, ವೈದ್ಯರಿದ್ದಾರೆ. ಆದರೂ ಅದೇ ಅರ್ಜುನ, ಅಂಬಾರಿ ಹೊರುವುದರಿಂದ ನಿವೃತ್ತನಾದ ಮೇಲೂ, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಆ ಕಾಡಾನೆಯ ಜೊತೆಗಿನ ಕಾಳಗದಲ್ಲಿ ಸತ್ತ. 2024ರ ಸೆಪ್ಟೆಂಬರಿನಲ್ಲಿ ಧನಂಜಯ, ಕಂಜನ್ ಎಂಬ ಎರಡು ದಸರಾ ಆನೆಗಳು ಕಾದಾಡಿ ಅರಮನೆ ಬಾಗಿಲು ದಾಟಿ ರಸ್ತೆಗೆ ನುಗ್ಗಿದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇಷ್ಟು ಪಳಗಿದ, ಇಷ್ಟು ಚೆನ್ನಾಗಿ ನೋಡಿಕೊಂಡ ಆನೆಗೇ ಪೇಟೆಯ ಬೀದಿ ಹೀಗಿದ್ದರೆ, ದಿನವಿಡೀ ಬಿಸಿಲಲ್ಲಿ ನಡೆಯುವ ಒಂಟಿ ಆನೆಗೆ ಹೇಗಿರಬೇಡ?

*

ಮಾವುತನನ್ನು ಬೈಯುವುದು ಸುಲಭ. ಆದರೆ ಅನೇಕ ಕಡೆ ಆನೆ ಅವನದ್ದಲ್ಲ, ಮಾಲೀಕ ಇನ್ನೆಲ್ಲೋ ಇರುತ್ತಾನೆ. ಮೇವಿಗೆ ಕಿಲೋಗೆ ಐದೇ ರೂಪಾಯಿ ಅಂತ ಹಿಡಿಯಿರಿ, 150 ಕಿಲೋಗೆ ದಿನಕ್ಕೆ 750 ರೂಪಾಯಿ. ಹತ್ತು ಹತ್ತು ರೂಪಾಯಿ ಕೊಡುವವರು ಎಪ್ಪತ್ತೈದು ಜನ ಸಿಕ್ಕಿದರೆ ಮೇವಿಗಾಯಿತು. ಆಮೇಲೆ ಮಾವುತನ ಹೊಟ್ಟೆ, ಜೊತೆಯವರ ಹೊಟ್ಟೆ, ಮಾಲೀಕನ ಪಾಲು. ಹಾಗಾಗಿ ಬಿಸಿಲಿರಲಿ ಮಳೆಯಿರಲಿ ನಡೆಯಲೇಬೇಕು. ಕಾಡಿನಲ್ಲಿ ದಿನದ ಹದಿನಾರು ಗಂಟೆ ಮೇಯುವ ಪ್ರಾಣಿ ಇಲ್ಲಿ ನಡೆಯುವುದರ ನಡುವೆ ಸಿಕ್ಕಿದ್ದನ್ನು ತಿನ್ನುತ್ತದೆ. ನಾವು ಕೊಡುವ ಅಕ್ಕಿ ಬೆಲ್ಲ ಅದರ ಆಹಾರವೂ ಅಲ್ಲ. ರಾತ್ರಿ ಯಾವುದೋ ಸೇತುವೆಯ ಕೆಳಗೆ ಆನೆಯೂ ಮಾವುತನೂ ಒಟ್ಟಿಗೇ ಮಲಗುತ್ತಾರೆ. ಕಲಂದರ್ ಜನರಿಗೆ ಮಾಡಿಕೊಟ್ಟ ಹಾಗೆ ಇವರಿಗೂ ಒಂದು ದಾರಿ ಮಾಡದೆ ಆನೆಯನ್ನಷ್ಟೇ ಬಿಡಿಸಿ ಒಯ್ಯುತ್ತೇವೆ ಅಂದರೆ ನಡೆಯುವ ಮಾತಲ್ಲ.

ಹಾಗಾದರೆ ನಾಣ್ಯ ಕೊಡಬೇಕೋ ಬೇಡವೋ? ಕೊಡದಿದ್ದರೆ ಇವತ್ತು ಎದುರಿಗೆ ನಿಂತ ಆನೆಗೆ ಹಸಿವು. ಕೊಟ್ಟರೆ ಈ ವ್ಯಾಪಾರ ಲಾಭದ್ದು ಎಂಬ ಭರವಸೆ, ನಾಳೆ ಇನ್ನೊಂದು ಮರಿಗೆ ಹಗ್ಗ. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಈಗಿರುವ ಆನೆಗಳಲ್ಲಿ ಬಹಳಷ್ಟು ಮತ್ತೆ ಕಾಡಿಗೆ ಹೋಗಿ ಬದುಕಲಾರವು. ಅವು ಇರುವಷ್ಟು ದಿನ ಮಣ್ಣಿನ ನೆಲ, ನೀರು, ಜೊತೆಗೊಂದು ಆನೆ, ಗೊತ್ತಿರುವ ಮಾವುತ ಇರಬೇಕು. ಅದರ ಖರ್ಚನ್ನು ಸರ್ಕಾರವೂ ಸಮಾಜವೂ ಹೊರಬೇಕು. ಸಾವಿರಾರು ವರ್ಷ ಅವುಗಳ ದುಡಿಮೆ ತಿಂದವರು ನಾವೇ ತಾನೆ, ಇದನ್ನು ಪಿಂಚಣಿ ಅಂದುಕೊಳ್ಳೋಣ. ಇವುಗಳ ಜಾಗಕ್ಕೆ ಮಾತ್ರ ಇನ್ನೊಂದು ಬರಬಾರದು. 2023ರಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನದವರು ಉತ್ಸವಕ್ಕೆ ಯಂತ್ರದ ಆನೆ ತಂದರು. ಕಿವಿ ಬೀಸುತ್ತದೆ, ಸೊಂಡಿಲು ಎತ್ತುತ್ತದೆ. ಮೊದಲು ನೋಡಿದಾಗ ನನಗೂ ನಗು ಬಂತು. ಆಮೇಲೆ ಅನ್ನಿಸಿತು, ಕಲ್ಲಿನಲ್ಲಿ ದೇವರನ್ನು ಕಾಣಬಲ್ಲ ನಮಗೆ ರಬ್ಬರಿನಲ್ಲಿ ಆನೆಯನ್ನು ಕಾಣುವುದು ಅಷ್ಟು ಕಷ್ಟವೇ?

ಕೊಲ್ಲಾಪುರದ ಗೆಳೆಯನಿಗೆ ಇದನ್ನೆಲ್ಲ ಒಂದು ದಿನ ಚಹಾ ಕುಡಿಯುತ್ತಾ ಹೇಳಿದೆ. ಖೆಡ್ಡಾ, ತಾತ, ಆ ಮರಿಯ ಕೂಗು, ಎಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಾವು ಅವಳನ್ನ ಪ್ರೀತಿಸ್ತಿದ್ವಿ, ಅದು ಸುಳ್ಳಲ್ಲ" ಅಂದ. ಸುಳ್ಳಲ್ಲ ಅಂತ ನಾನೂ ಒಪ್ಪಿಕೊಂಡೆ. ಸ್ವಲ್ಪ ತಡೆದು ಅವನೇ ಕೇಳಿದ, "ಮೂರು ವರ್ಷದ ಮರಿ ಅಂದ್ರೆ ಇನ್ನೂ ತಾಯಿ ಜೊತೆ ಇರೋ ವಯಸ್ಸಲ್ವಾ?"

ಹೌದು ಅಂದೆ. ಇಬ್ಬರೂ ಲೋಟ ಇಟ್ಟು ಸೀಟಿಗೆ ವಾಪಸಾದೆವು.

ನಿಮ್ಮ ಊರಿನ ಬೀದಿಗೂ ಆನೆ ಬರುತ್ತಿತ್ತೇ? ಅದರ ಹೆಸರೇನೆಂದು ಗೊತ್ತಿತ್ತೇ? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ, ಅದು ಎಲ್ಲಿಂದ ಬರುತ್ತಿತ್ತು ಅಂತ. ನಾನು ತಾತನನ್ನು ಇನ್ನೂ ಸ್ವಲ್ಪ ಕೇಳಬೇಕಿತ್ತು, ಈಗ ಅವರಿಲ್ಲ.